ಹೂವಿಲ್ಲದ ವರ್ಷಗಳಲ್ಲಿ ಎರವಿಕುಲಂ

ಕೇರಳದ ಇಡುಕ್ಕಿ ಜಿಲ್ಲೆಯ ಮುನ್ನಾರ್ ಪೇಟೆ ದಾಟಿ ಮೇಲೇರಿದರೆ ಚಹಾ ತೋಟ ಥಟ್ಟನೆ ಮುಗಿದು ಎರವಿಕುಲಂ ರಾಷ್ಟ್ರೀಯ ಉದ್ಯಾನ ಶುರುವಾಗುತ್ತದೆ. 97 ಚದರ ಕಿಲೋಮೀಟರ್ ಹರವಿನ ಈ ಎತ್ತರದ ಸೀಮೆಯಲ್ಲಿ ಬಹುಪಾಲು ಬರೀ ಹುಲ್ಲು. ನೀರಿಳಿಯುವ ಕಣಿವೆಗಳಲ್ಲಿ ಮಾತ್ರ ಒತ್ತೊತ್ತಾಗಿ ಶೋಲಾ ಕಾಡು. 2695 ಮೀಟರ್ ಎತ್ತರದ ಆನಮುಡಿ ಇಲ್ಲೇ ಇದೆ. ನೀಲಗಿರಿ ತಾರ್ ಎಂಬ ಕಾಡಾಡಿಗೂ ಇದು ದೊಡ್ಡ ನೆಲೆ. ಈ ಹುಲ್ಲಿನ ನಡುವೆ, ಗಾಳಿಗೆ ತಲೆ ತಗ್ಗಿಸಿದಂತೆ ಗಿಡ್ಡಗೆ ಬೆಳೆಯುವ ಪೊದೆಯೇ ನೀಲಕುರಿಂಜಿ. ಅಂಚಿಗೆ ಗರಗಸದ ಹಲ್ಲಿನಂಥ ಕಚ್ಚುಗಳಿರುವ ಒರಟು ಎಲೆ, ಗಂಟು ಗಂಟಾದ ಕಾಂಡ. ಹೂ ಬಿಡದ ವರ್ಷಗಳಲ್ಲಿ ಪ್ರವಾಸಿಗರು ಅದರತ್ತ ತಿರುಗಿಯೂ ನೋಡುವುದಿಲ್ಲ. ಹನ್ನೆರಡು ವರ್ಷಕ್ಕೊಮ್ಮೆ ಅದೇ ಪೊದೆ ಗಂಟೆಯಾಕಾರದ ನೀಲಿ ಹೂಗಳನ್ನು ತೊಟ್ಟಾಗ ದೇಶವೇ ಇಲ್ಲಿಗೆ ಧಾವಿಸುತ್ತದೆ. 2006ರಲ್ಲಿ ಹಾಗಾಯಿತು, 2018ರಲ್ಲೂ ಆಯಿತು. ಮುಂದಿನ ಸರದಿ 2030.

ನಮ್ಮ ಕಾಳಜಿಯೂ ಹೂವಿನ ಜೊತೆಗೇ ಅರಳಿ ಬಾಡುತ್ತದೆ. ಆದರೆ ಕುರಿಂಜಿಯ ಅಳಿವು ಉಳಿವು ನಿರ್ಧಾರವಾಗುವುದು ಹೂವಿಲ್ಲದ ಆ ಹನ್ನೊಂದು ವರ್ಷಗಳಲ್ಲಿ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ 2024ರಲ್ಲಿ ಮೊದಲ ಬಾರಿಗೆ ಈ ಗಿಡದ ಸ್ಥಿತಿಯನ್ನು ಅಳೆದು, ಅಪಾಯಕ್ಕೆ ಈಡಾಗಬಲ್ಲ ಪ್ರಭೇದಗಳ ಸಾಲಿಗೆ ಅದನ್ನು ಸೇರಿಸಿತು. ಆ ಮೌಲ್ಯಮಾಪನದ ಪ್ರಕಾರ ಕುರಿಂಜಿ ಉಳಿದಿರುವುದು 34 ಉಪಸಮೂಹಗಳಲ್ಲಿ. 33 ಪಶ್ಚಿಮಘಟ್ಟದಲ್ಲಿ, ಒಂದು ಪೂರ್ವಘಟ್ಟದ ಯೇರ್ಕಾಡಿನಲ್ಲಿ. ನೆಲೆಯ ಸುಮಾರು ಶೇ 40ರಷ್ಟು ಕೈತಪ್ಪಿದೆ. ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಇಳಿಕೆಯನ್ನು ಹತ್ತು ವರ್ಷ ಅಥವಾ ಮೂರು ತಲೆಮಾರು, ಯಾವುದು ದೀರ್ಘವೋ ಅದರಲ್ಲಿ ಅಳೆಯುವ ಪದ್ಧತಿಯಿದೆ. ಹನ್ನೆರಡು ವರ್ಷ ಬದುಕಿ, ಒಂದೇ ಸಲ ಹೂಬಿಟ್ಟು, ಬೀಜ ಚೆಲ್ಲಿ ಸಾಯುವ ಗಿಡಕ್ಕೆ ಮೂರು ತಲೆಮಾರು ಎಂದರೆ 36 ವರ್ಷ. ಐದು ವರ್ಷಗಳ ಸರ್ಕಾರಕ್ಕೆ, ಮೂರು ವರ್ಷಕ್ಕೆ ವರ್ಗವಾಗುವ ಅಧಿಕಾರಿಗೆ ಈ ಕಾಲಮಾನ ಕಣ್ಣಿಗೆ ಬೀಳುವುದೇ ಕಷ್ಟ.

ಬೆಟ್ಟಕ್ಕೆ ಬೆಟ್ಟವೇ ನೀಲಿಯಾಗುವಷ್ಟು ಹೂ ಬಿಡುವ ಗಿಡ ಅಪರೂಪದ್ದು ಹೇಗಾದೀತು ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಕಣ್ಣಿಗೆ ಕಾಣುವ ಆ ರಾಶಿ ಅಲ್ಲಿನ ಸಮೂಹದ ಹೆಚ್ಚುಕಡಿಮೆ ಪೂರ್ತಿ ಆಸ್ತಿ. ಎಲ್ಲ ಗಿಡಗಳೂ ಒಂದೇ ವಯಸ್ಸಿನವು, ಒಟ್ಟಿಗೇ ಸಾಯುವಂಥವು. ತುಡುವೆ ಜೇನು ಪರಾಗ ಹೊತ್ತು ಕಾಯಿ ಕಟ್ಟಿದರೆ, ಒಣಗಿದ ಕಾಯಿಯಿಂದ ಸಿಡಿದ ಬೀಜ ತಾಯಿಗಿಡದ ಆಸುಪಾಸಿನಲ್ಲೇ ಬೀಳುತ್ತದೆ. ಗಾಳಿಯಲ್ಲಿ ತೇಲಿ ಆಚೆ ಬೆಟ್ಟಕ್ಕೆ ಹೋಗುವ ಬೀಜವಲ್ಲ ಅದು. ಹಾಗಾಗಿ ಒಂದು ಇಳಿಜಾರಿನಲ್ಲಿ ಕುರಿಂಜಿ ನಿರ್ನಾಮವಾದರೆ ಅದು ತಾನಾಗಿ ಅಲ್ಲಿಗೆ ಮರಳುವ ಸಾಧ್ಯತೆ ಬಹಳ ಕಡಿಮೆ. ಬೀಜವೇ ಬೀಳದ ಒಂದು ಋತು ಬಂದರೂ ಹನ್ನೆರಡು ವರ್ಷಗಳ ಬೆಳೆ ಹೋದಂತೆ.

ನೆಲೆ ಹೋದದ್ದು ಹೇಗೆಂದು ನೋಡಿದರೆ ಮೊದಲು ಚಹಾ, ಆಮೇಲೆ ಮರ. ಹೊಗೆಸೊಪ್ಪಿನ ಬಣ್ಣದ ಒಣ ಹುಲ್ಲನ್ನು ಕಂಡು ಬ್ರಿಟಿಷರೂ, ಅವರ ನಂತರ ಬಂದ ನಮ್ಮವರೂ ಇದನ್ನು ಪಾಳು ಭೂಮಿ ಎಂದೇ ಬಗೆದರು. ನೀಲಗಿರಿ, ಪಳನಿ ಬೆಟ್ಟಗಳಲ್ಲಿ ಚರ್ಮ ಹದಮಾಡುವ ತೊಗಟೆಗೆಂದು ವಾಟಲ್, ಕಾಗದ ಮತ್ತು ರೇಯಾನ್ ತಿರುಳಿಗೆಂದು ನೀಲಗಿರಿ ಮರ ನೆಟ್ಟರು. ವಾಟಲ್ ನೆಟ್ಟಲ್ಲೇ ನಿಲ್ಲಲಿಲ್ಲ. ಅದರ ಬೀಜ ದಶಕಗಟ್ಟಲೆ ಮಣ್ಣಿನಲ್ಲಿ ಕಾದಿದ್ದು, ಬೆಂಕಿ ಹಾಯ್ದ ಕೂಡಲೇ ಮೊಳೆಯುತ್ತದೆ. ನೆರಳು ಕವಿದಲ್ಲಿ ಹುಲ್ಲು ಸಾಯುತ್ತದೆ, ಹುಲ್ಲಿನೊಡನೆ ಬಿಸಿಲು ಬೇಡುವ ಕುರಿಂಜಿಯೂ. ಮರ ಹೆಚ್ಚಿದರೆ ಒಳ್ಳೆಯದಲ್ಲವೇ, ಇಂಗಾಲ ಹೀರುವುದಿಲ್ಲವೇ ಎನ್ನುವ ವಾದವಿದೆ. ಈ ಬೆಟ್ಟಗಳ ಮಟ್ಟಿಗೆ ಅದು ಸಲ್ಲದು. ಹುಲ್ಲುಗಾವಲು ತನ್ನ ಇಂಗಾಲವನ್ನು ಬಹುಪಾಲು ಮಣ್ಣಿನೊಳಗೆ, ಬೆಂಕಿಗೆ ಎಟುಕದಂತೆ ಇಡುತ್ತದೆ. ದಾಹದ ಮರಗಳು ಕುಡಿಯುವ ನೀರು ಕೆಳಗಿನ ಹೊಳೆಗಳ ಪಾಲಿನದು. ಎರವಿಕುಲಂ ಉಳಿದಿದ್ದಾದರೂ ಹೂವಿನ ಮೇಲಿನ ಪ್ರೀತಿಯಿಂದಲ್ಲ. ತೋಟದ ದೊರೆಗಳು ಇದನ್ನು ತಮ್ಮ ಬೇಟೆಗೆಂದು ಕಾದಿರಿಸಿದ್ದರು. ತೋಟದ ಕಂಪನಿಯ ಕೈಯಲ್ಲಿದ್ದ ಈ ಕಣ್ಣನ್ ದೇವನ್ ಬೆಟ್ಟಗಳ ಭೂಮಿಯನ್ನು ಸರ್ಕಾರ 1971ರಲ್ಲಿ ಕಾನೂನು ಮಾಡಿ ಮರಳಿ ಪಡೆಯಿತು, 1975ರಲ್ಲಿ ಇದು ಅಭಯಾರಣ್ಯವಾಯಿತು, 1978ರಲ್ಲಿ ರಾಷ್ಟ್ರೀಯ ಉದ್ಯಾನ. ಇಲ್ಲಿ ಕುರಿಂಜಿ ಉಳಿದದ್ದು ನೆಲ ಉಳಿದದ್ದರಿಂದ.

ಈಗ ಕಾನೂನೂ ಜೊತೆಗಿದೆ. ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ ನೀಲಕುರಿಂಜಿಯ ಹೆಸರಿದೆ. ಗಿಡ ಕಿತ್ತರೆ ಜೈಲು, ದಂಡ. ಬೇಕಾದದ್ದೇ. ಆದರೆ ಹೂ ಕೀಳುವ ಕೈಗಿಂತ ನೆಲ ಬದಲಿಸುವ ಕೈ ದೊಡ್ಡದು. ಇದೇ ಜಿಲ್ಲೆಯ ವಟ್ಟವಡ, ಕೊಟ್ಟಕಂಬೂರು ಸೀಮೆಯಲ್ಲಿ 2006ರಲ್ಲಿ ಕುರಿಂಜಿಗೆಂದೇ 32 ಚದರ ಕಿಲೋಮೀಟರಿನ ಕುರಿಂಜಿಮಲ ಅಭಯಾರಣ್ಯ ಘೋಷಣೆಯಾಯಿತು. ಗಡಿ ಮತ್ತು ಪಟ್ಟಾ ಜಮೀನಿನ ತಕರಾರು ದಶಕ ಕಳೆದರೂ ಬಗೆಹರಿಯಲಿಲ್ಲ. ಅಲ್ಲಿ ನಿಜವಾಗಿ ಉಳುಮೆ ಮಾಡುವ ಸಣ್ಣ ರೈತರಿದ್ದಾರೆ. ಹೂವಿನ ಹೆಸರಲ್ಲಿ ಅವರನ್ನು ಎಬ್ಬಿಸುವುದು ಅನ್ಯಾಯ. ಆದರೆ ಅವರ ಹಕ್ಕನ್ನು ಬೇಗ ಗುರುತಿಸಿ ಕೊಡುವುದಕ್ಕೂ, ಅವರ ಹೆಸರು ಹೇಳಿಕೊಂಡು ಗಡಿಯನ್ನೇ ತೂಗುಯ್ಯಾಲೆಯಲ್ಲಿಡುವುದಕ್ಕೂ ವ್ಯತ್ಯಾಸವಿದೆ. ಗಡಿ ನಿಶ್ಚಯವಾಗದಿದ್ದರೆ ರೈತನಿಗೂ ನೆಮ್ಮದಿಯಿಲ್ಲ, ಗಿಡಕ್ಕೂ ಇಲ್ಲ.

ಕರ್ನಾಟಕದವರಿಗೂ ಇದರಲ್ಲಿ ಪಾಲಿದೆ. 2021ರಲ್ಲಿ ಕೊಡಗಿನ ಮಾಂದಲಪಟ್ಟಿಯಲ್ಲಿ, 2022ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟಗಳಲ್ಲಿ ಕುರಿಂಜಿ ಬಳಗದ ಹೂ ಅರಳಿದಾಗ ನಾವೂ ಮುಗಿಬಿದ್ದವರೇ. ಆ ಇಳಿಜಾರುಗಳಲ್ಲಿ ಈಗ ಹೂವಿಲ್ಲ, ಜನರ ಗಮನವೂ ಇಲ್ಲ. ಹುಲ್ಲುಗಾವಲಿಗೆ ಹೊಸ ರಸ್ತೆ, ರೆಸಾರ್ಟು, ಸಸಿ ನೆಡುವ ಯೋಜನೆ ಬಂದರೆ ಆಕ್ಷೇಪ ಸಲ್ಲಿಸಬೇಕಾದ ಕಾಲ ಇದೇ. ಇನ್ನು ಎರವಿಕುಲಂಗೆ ಹೋಗುವವರು 2030ರವರೆಗೆ ಕಾಯಬೇಕಿಲ್ಲ. ತಾರ್ ಮರಿ ಹಾಕುವ ತಿಂಗಳುಗಳಲ್ಲಿ ಬಾಗಿಲು ಹಾಕಿರುವುದರಿಂದ ಮೊದಲೇ ವಿಚಾರಿಸಿಕೊಂಡು, ಪ್ರವಾಸಿಗರಿಗೆ ತೆರೆದಿರುವ ರಾಜಮಲದ ದಾರಿಯಲ್ಲಿ ಈಗಲೇ ಹೋಗಿ ಆ ಹಸಿರು ಪೊದೆಯನ್ನು ನೋಡಿ ಬನ್ನಿ.