ರಕ್ತದ ವರದಿಯೂ ಊರಿನ ನೆನಪೂ

ಊರು ಬಿಟ್ಟು ಬಂದು ನೆಲೆಸಿದ ನಮ್ಮ ಮನೆಗಳಲ್ಲಿ ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸುವ ರೂಢಿ ಬೆಳೆದಿದೆ. ಒಳ್ಳೆಯದೇ. ಆದರೆ ವರದಿ ಬಂದೊಡನೆ ನಾವು ನೋಡುವುದೇನು? ಒಟ್ಟು ಕೊಲೆಸ್ಟರಾಲ್ 200 ದಾಟಿಲ್ಲವೆಂದರಾಯಿತು, ಮಡಿಸಿ ಬೀರುವಿನಲ್ಲಿಡುತ್ತೇವೆ.

ಈ ಒಟ್ಟು ಮೊತ್ತವೊಂದನ್ನೇ ನಂಬಿ ಕೂರುವಂತಿಲ್ಲ. ಇಬ್ಬರಿಗೂ 190 ಇದೆಯೆನ್ನೋಣ. ರಕ್ಷಕವೆಂದು ಹೆಸರಾದ ಎಚ್.ಡಿ.ಎಲ್. ಒಬ್ಬರಲ್ಲಿ 65, ಇನ್ನೊಬ್ಬರಲ್ಲಿ 30. ದಿನಸಿಯ ಲೆಕ್ಕದಂತೆ ಕಳೆದರೆ ಒಬ್ಬರಿಗೆ 125, ಇನ್ನೊಬ್ಬರಿಗೆ 160 ಉಳಿಯುತ್ತದೆ. ರಕ್ತನಾಳದ ಗೋಡೆಯಲ್ಲಿ ಸೇರಿಕೊಳ್ಳುವ ಕೊಬ್ಬು ಇರುವುದು ಈ ಉಳಿಕೆಯಲ್ಲಿಯೇ. ಕಾರ್ಡಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯ 2024ರಲ್ಲಿ ಕೊಟ್ಟ ಸೂಚನೆಯಂತೆ ಸಾಮಾನ್ಯರಲ್ಲಿ ಇದು 130ರೊಳಗಿರಬೇಕು. ಸಕ್ಕರೆ ಕಾಯಿಲೆಯವರಿಗೂ ಹೃದ್ರೋಗವಿದ್ದವರಿಗೂ ಇನ್ನೂ ಕಡಿಮೆ. ಕೊಬ್ಬಿನ ಮೊದಲ ಪರೀಕ್ಷೆಗೆ ಉಪವಾಸವೂ ಬೇಕಿಲ್ಲವೆಂದು ಅದೇ ಸೂಚನೆ ಹೇಳುತ್ತದೆ. ಬೆಳಗಿನ ಕಾಫಿಯಿಲ್ಲದೆ ಸಾಲಿನಲ್ಲಿ ನಿಂತು ತಲೆಸುತ್ತು ಬರಿಸಿಕೊಂಡವರು ಸಂತೋಷಪಡಬಹುದು!

ಇನ್ನೊಂದು ಪರೀಕ್ಷೆ ವಾಡಿಕೆಯ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ; ಕೇಳಿಯೇ ಮಾಡಿಸಬೇಕು. ಲೈಪೊಪ್ರೋಟೀನ್-ಎ ಎಂಬ ಈ ಕಣವನ್ನು ನಾರ್ವೆಯ ಕೋರೆ ಬೆರ್ಗ್ 1963ರಲ್ಲಿ ಗುರುತಿಸಿದರು. ಇದು ತಂದೆತಾಯಿಗಳಿಂದ ಬರುವ ಆಸ್ತಿ. ಪಥ್ಯದಿಂದಾಗಲಿ ನಡಿಗೆಯಿಂದಾಗಲಿ ಹೆಚ್ಚೇನೂ ಇಳಿಯದು. ಆದುದರಿಂದ ಜೀವಮಾನದಲ್ಲಿ ಒಮ್ಮೆ ನೋಡಿಸಿದರೆ ಬಹುಮಟ್ಟಿಗೆ ಸಾಕು. ಡೆಸಿಲೀಟರಿಗೆ 50 ಮಿಲಿಗ್ರಾಂ ಮೀರಿದ್ದರೆ, ಇಳಿಸಬಹುದಾದ ಉಳಿದವನ್ನು, ಎಂದರೆ ಎಲ್.ಡಿ.ಎಲ್., ರಕ್ತದೊತ್ತಡ, ಸಕ್ಕರೆಗಳನ್ನು, ವೈದ್ಯರು ಬಿಗಿಯಾಗಿ ಹಿಡಿಯುತ್ತಾರೆ. ಹೊಗೆಬತ್ತಿಯಂತೂ ಕೂಡದು.

ಅಂಕಿಗಳ ಜೊತೆಗೆ ವೈದ್ಯರು ಒಂದು ಮಾತು ಕೇಳುತ್ತಾರೆ: ತಂದೆಗೋ ಅಣ್ಣತಮ್ಮಂದಿರಿಗೋ 55ರೊಳಗೆ, ತಾಯಿಗೋ ಅಕ್ಕತಂಗಿಯರಿಗೋ 65ರೊಳಗೆ ಹೃದಯಾಘಾತವಾಗಿತ್ತೆ? ಇಲ್ಲಿ ನಮ್ಮಂಥ ವಲಸೆಗಾರರು ತಡವರಿಸುತ್ತೇವೆ. ನಮ್ಮ ಮನೆಯ ಮಾತನ್ನೇ ಹೇಳುವುದಾದರೆ, ತಂದೆಯವರು "ವಾಯುವಿನಿಂದ" ತೀರಿಕೊಂಡರೆಂದಷ್ಟೇ ನಮಗೆ ಗೊತ್ತಿತ್ತು. ವಯಸ್ಸು ತಿಳಿಯದು. ಆ ರಾತ್ರಿ ತೀರ್ಥಹಳ್ಳಿಯ ಸೋದರತ್ತೆಗೆ ಫೋನು ಮಾಡಿದೆವು. "ನಿನ್ನ ಉಪನಯನದ ಮರುವರ್ಷ. ಅಣ್ಣನಿಗೆ ಆಗ 46. ಗದ್ದೆಯಿಂದ ಎದೆ ಹಿಡಿದುಕೊಂಡು ಬಂದ, ಎಡಗೈ ಸೆಳೆಯುತ್ತದೆ ಎಂದ. ವಾಯುವಲ್ಲವಪ್ಪ ಅದು," ಎಂದರು. ಇಷ್ಟು ವರ್ಷ ಯಾರೂ ಅವರನ್ನು ಕೇಳಿರಲಿಲ್ಲ.

ಮರುವಾರ ನಮ್ಮ ಲೈಪೊಪ್ರೋಟೀನ್-ಎ ನೋಡಿಸಿದೆವು. 88 ಇತ್ತು. ವರದಿಯ ಪ್ರತಿ ಹುಬ್ಬಳ್ಳಿಯ ತಮ್ಮನಿಗೆ ಹೋಗಿದೆ. ಮಕ್ಕಳಿಬ್ಬರ ರಕ್ತ ಈ ಶನಿವಾರ ಕೊಡುವುದಿದೆ.