ಟ್ರಾಕ್ಟರ್ ಕೈಪಿಡಿಯ ಚಿಹ್ನೆಗಳು

ದೊಡ್ಡಬಳ್ಳಾಪುರ, ಹೊಸಕೋಟೆ ಕಡೆ ರಾಗಿ ಬಿತ್ತನೆಗೆ ಹದ ಬಂದಾಗ ಟ್ರಾಕ್ಟರ್ ಕೆಟ್ಟು ನಿಂತರೆ ಹದ ಕಾಯುವುದಿಲ್ಲ. ಕೈಪಿಡಿ ಇಂಗ್ಲಿಷಿನಲ್ಲಿದ್ದರೂ ಅದರ ಚಿಹ್ನೆಗಳನ್ನು ರೈತರೇ ಓದಬಹುದು. ಅಂತರರಾಷ್ಟ್ರೀಯ ಮಾನಕ ಐ.ಎಸ್.ಒ. 3767ರಂತೆ ಇವು ಬಹುತೇಕ ಎಲ್ಲ ಕಂಪನಿಗಳಲ್ಲೂ ಒಂದೇ. ಮೊಲವೆಂದರೆ ವೇಗ, ಆಮೆಯೆಂದರೆ ನಿಧಾನ. ಇದಕ್ಕೆ ವಿವರಣೆ ಬೇಡ.

ಮುಖ್ಯವಾದುದು ಹನಿ ತೊಟ್ಟಿಕ್ಕುವ ಎಣ್ಣೆಗಿಂಡಿ. ಚಾವಿ ತಿರುಗಿಸಿದಾಗ ಈ ದೀಪ ಹತ್ತಿ, ಎಂಜಿನ್ ಚಾಲೂ ಆದೊಡನೆ ಆರಬೇಕು. ಉಳುವಾಗ ಕೆಂಪಗೆ ಹತ್ತಿದರೆ ಎಣ್ಣೆಯ ಒತ್ತಡ ಕುಸಿದಿದೆ ಎಂದರ್ಥ. ಸಾಲು ಮುಗಿಸಿ ನೋಡೋಣವೆನ್ನುವುದೇ ನಮ್ಮವರ ದೊಡ್ಡ ತಪ್ಪು. ಅಲ್ಲಿಯೇ ಎಂಜಿನ್ ನಿಲ್ಲಿಸಿರಿ. ಬೇರಿಂಗುಗಳು ಕಚ್ಚಿಕೊಂಡರೆ ಎಂಜಿನ್ನನ್ನೇ ಬಿಚ್ಚಬೇಕಾಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಅಳತೆಕಡ್ಡಿಯಿಂದ ಎಣ್ಣೆ ಪರೀಕ್ಷಿಸಿರಿ. ಎಣ್ಣೆ ಸರಿಯಿದ್ದೂ ದೀಪ ಹತ್ತಿದರೆ ಟ್ರಾಕ್ಟರ್ ಓಡಿಸದೆ ಮೆಕ್ಯಾನಿಕ್ಕನ್ನು ಹೊಲಕ್ಕೇ ಕರೆಸಿರಿ.

ಬ್ಯಾಟರಿಯ ಚಿತ್ರ ಬೆಳಗಿದರೆ ಚಾರ್ಜ್ ಆಗುತ್ತಿಲ್ಲ. ಮೊದಲು ಎಂಜಿನ್ ನಿಲ್ಲಿಸಿ ಫ್ಯಾನ್ ಬೆಲ್ಟ್ ನೋಡಿರಿ. ಮಡ್ಗಾರ್ಡಿಗೆ ವೆಲ್ಡಿಂಗ್ ಮಾಡಿಸುವ ಮುನ್ನ ಬ್ಯಾಟರಿಯ ‘–’ ಗುರುತಿನ ತಂತಿಯನ್ನು ಮೊದಲು ಬಿಚ್ಚಿರಿ, ಕೆಲಸವಾದ ಮೇಲೆ ಅದನ್ನೇ ಕೊನೆಗೆ ಹಾಕಿರಿ.