ಚರ್ಮದ ಗಂಟುಗಳೂ ವಿದ್ಯುಚ್ಚಿಕಿತ್ಸೆಯೂ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಎಷ್ಟೋ ಮನೆಗಳಲ್ಲಿ ಮೈಮೇಲೆ ನರೂಲಿಯೆದ್ದರೆ ಮೊದಲು ನೆನಪಾಗುವುದು ಮನೆಮದ್ದೇ. ಕುದುರೆಯ ಕೂದಲಿನಿಂದ ಬಿಗಿಯುವುದು, ಸುಣ್ಣ-ಸೋಡಾ ಹಚ್ಚುವುದು, ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ತಾಗಿಸುವುದು, ಇವೆಲ್ಲ ಪರಿಚಿತವಾದವುಗಳೇ. ಇವುಗಳಿಂದ ನರೂಲಿ ಉದುರಿದ್ದೂ ಉಂಟು, ಸುತ್ತಲಿನ ಒಳ್ಳೆಯ ಚರ್ಮವು ಬೆಂದು ಹುಣ್ಣಾದದ್ದೂ ಉಂಟು. ಆದರೆ ಇದಕ್ಕಿಂತ ದೊಡ್ಡ ಅಪಾಯವು ಬೇರೆ ಇದೆ: ನಾವು ಸುಡುತ್ತಿರುವುದು ನರೂಲಿಯನ್ನೋ ಅರ್ಬುದವನ್ನೋ ಎಂಬುದು ಬರಿಗಣ್ಣಿಗೆ ತಿಳಿಯದು.

ಸುಡುವ ಚಿಕಿತ್ಸೆಯು ನಮ್ಮ ದೇಶಕ್ಕೆ ಹೊಸದಲ್ಲ. ಸುಶ್ರುತನು ಕ್ಷಾರಕ್ಕಿಂತಲೂ ಅಗ್ನಿಕರ್ಮವೇ ಶ್ರೇಷ್ಠವೆಂದನು. ಅಗ್ನಿಯಿಂದ ಸುಟ್ಟ ರೋಗವು ಮರುಕಳಿಸದೆಂಬುದೇ ಅವನು ಕೊಟ್ಟ ಕಾರಣ. ಈಗ ಬೆಂಕಿಯ ಕೆಲಸವನ್ನು ವಿದ್ಯುತ್ತು ಮಾಡುತ್ತದೆ. ಅತಿ ವೇಗದಿಂದ ದಿಕ್ಕು ಬದಲಿಸುವ ಪ್ರವಾಹವು ಸ್ನಾಯುಗಳನ್ನು ಸೆಟೆಯಿಸದೆ ದೇಹದಲ್ಲಿ ಹರಿಯಬಲ್ಲದು. ಅದಕ್ಕೆ ಚರ್ಮವು ಒಡ್ಡುವ ತಡೆಯಿಂದಲೇ ಅಲ್ಲಿ ಶಾಖವು ಹುಟ್ಟುವುದು. 1926ರಲ್ಲಿ ಬೋಸ್ಟನ್ ನಗರದ ಶಸ್ತ್ರವೈದ್ಯ ಹಾರ್ವೆ ಕುಶಿಂಗನು ಬೋವಿಯೆಂಬವನು ರಚಿಸಿದ ಇಂಥ ಯಂತ್ರದಿಂದ ರೋಗಿಯ ತಲೆಯ ಗಡ್ಡೆಯನ್ನು ತೆಗೆದ ಮೇಲೆ ಈ ವಿದ್ಯೆಯು ಎಲ್ಲೆಡೆಗೂ ಹಬ್ಬಿತು.

ಚಿಕಿತ್ಸೆಯ ಕ್ರಮವು ಸರಳವಾದುದು. ಮೊದಲು ಚುಚ್ಚುಮದ್ದಿನಿಂದ ಆ ಭಾಗವನ್ನು ಜೋಮುಗೊಳಿಸುತ್ತಾರೆ. ಬಳಿಕ ಬಳೆಯಂಥ ಚೂಪಾದ ಅಂಚುಳ್ಳ ಸಣ್ಣ ಸಾಧನದಿಂದ ಕೆರೆಯುತ್ತಾರೆ. ಅರ್ಬುದದ ಅಂಗಾಂಶವು ಮೃದುವಾದುದರಿಂದ ಸುಲಭವಾಗಿ ಕಿತ್ತುಬರುವುದು. ಆರೋಗ್ಯವಂತ ಚರ್ಮವು ಗಟ್ಟಿಯಾಗಿ ಎದುರು ನಿಲ್ಲುವುದು. ನುರಿತ ವೈದ್ಯನ ಕೈಗೆ ಈ ಭೇದವು ತಿಳಿಯುತ್ತದೆ. ಅನಂತರ ತಳವನ್ನು ವಿದ್ಯುತ್ತಿನಿಂದ ಸುಡುತ್ತಾರೆ. ಹೀಗೆ ಎರಡು-ಮೂರು ಸಲ ಮಾಡುವುದುಂಟು. ಹೊಲಿಗೆ ಬೇಕಿಲ್ಲ, ಕೆಲವು ವಾರಗಳಲ್ಲಿ ಗಾಯವು ಮಾಯ್ದು ಮಾಸಲು ಕಲೆಯೊಂದು ಉಳಿಯುವುದು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಅದನ್ನು ಮೊದಲೇ ತಿಳಿಸತಕ್ಕದ್ದು.

ಮೇಲ್ಪದರದಲ್ಲಿರುವ, ನಿಧಾನವಾಗಿ ಬೆಳೆಯುವ ಸಣ್ಣ ಅರ್ಬುದಗಳನ್ನು ಸರಿಯಾಗಿ ಆರಿಸಿಕೊಂಡರೆ ನೂರಕ್ಕೆ 90ಕ್ಕಿಂತ ಹೆಚ್ಚು ಇದರಿಂದ ಗುಣವಾಗುವುವು. ಆದರೆ ಮರುಕಳಿಸಿದವು, ದೊಡ್ಡವು, ಮೂಗು-ರೆಪ್ಪೆ-ತುಟಿಗಳಲ್ಲಿರುವವುಗಳಿಗೆ ಶಸ್ತ್ರಕ್ರಿಯೆಯೇ ಸಾಮಾನ್ಯವಾಗಿ ಯೋಗ್ಯ. ಕಪ್ಪು ಅರ್ಬುದವಾದ ಮೆಲನೋಮಕ್ಕಂತೂ ಈ ವಿಧಾನವು ಸಲ್ಲದು. ನಮ್ಮಂಥ ಕಂದುಬಣ್ಣದವರಲ್ಲಿ ಅದು ಹೆಚ್ಚಾಗಿ ಅಂಗಾಲಿನಲ್ಲಿ ತೋರುವುದು. ಬರಿಗಾಲಿನಲ್ಲಿ ತೋಟಕ್ಕಿಳಿಯುವವರು ಅದನ್ನು ಮುಳ್ಳು ನೆಟ್ಟ ಕಲೆಯೆಂದೋ ಆಣಿಯೆಂದೋ ಬಗೆಯುವ ಸಂಭವವುಂಟು. ಅದನ್ನು ಸುಟ್ಟರೆ ಮೇಲಿನ ಗುರುತು ಅಳಿಯುವುದು, ಒಳಗಿನ ರೋಗವು ಹರಡುವುದು. ಆದುದರಿಂದ ಸಂಶಯವಿದ್ದಲ್ಲಿ ತುಣುಕೊಂದನ್ನು ತೆಗೆದು ಸೂಕ್ಷ್ಮದರ್ಶಕದ ಪರೀಕ್ಷೆಗೆ ಕಳಿಸದೆ ಸುಡಲೇಬಾರದು.

ಗೃಹಿಣಿಯರು ಇನ್ನೆರಡು ಸಂಗತಿಗಳನ್ನು ಲಕ್ಷ್ಯದಲ್ಲಿಡಬೇಕು. ಅಡಿಕೆ ಬೇಯಿಸುವ ಹಂಡೆಯ ಬಿಸಿನೀರಿನಿಂದಲೋ ಒಲೆಯಿಂದಲೋ ಸುಟ್ಟ ಹಳೆಯ ಕಲೆಯಲ್ಲಿ ವರ್ಷಗಳ ಮೇಲೆ ಮಾಯದ ಹುಣ್ಣೆದ್ದರೆ ಅದು ಅರ್ಬುದವಾಗಿರಬಹುದು. ಮುಂಬಯಿಯಲ್ಲಿ ಡಾಕ್ಟರ ಖಾನೋಲ್ಕರರು 1945ರಲ್ಲಿ ಸೊಂಟದ ಸುತ್ತ ಧೋತರದ ಬಿಗಿತದಿಂದಾಗುವ ಅರ್ಬುದವನ್ನು ವರ್ಣಿಸಿದರು. ಲಂಗದ ಲಾಡಿಯ ಬಿಗಿತದಿಂದ ಸ್ತ್ರೀಯರಲ್ಲಿಯೂ ಅಂಥದು ಕಂಡುಬಂದಿದೆ. ಲಾಡಿಯನ್ನು ಅಗಲವಾಗಿಸಿ ಸಡಿಲಾಗಿ ಕಟ್ಟುವುದು ಖರ್ಚಿಲ್ಲದ ಉಪಾಯ.

ಹಿರಿಯರಿಗೆ ಅಭ್ಯಂಜನ ಮಾಡಿಸುವಾಗ ಬೆನ್ನು, ಸೊಂಟ, ಅಂಗಾಲುಗಳನ್ನೊಮ್ಮೆ ನೋಡಿರಿ. ಹಿಗ್ಗುವ, ಬಣ್ಣ ಬದಲಿಸುವ, ರಕ್ತ ಒಸರುವ ಮಚ್ಚೆಯನ್ನೂ ಒಂದು ತಿಂಗಳಾದರೂ ಮಾಯದ ಹುಣ್ಣನ್ನೂ ಚರ್ಮವೈದ್ಯರಿಗೆ ತೋರಿಸತಕ್ಕದ್ದು. ಹೆಚ್ಚಿನ ಪರೀಕ್ಷೆಗೆ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗಳುಂಟು. ಚರ್ಮದ ರೋಗವು ಕಣ್ಣಿಗೆ ಕಾಣುವಂಥದು; ಕಂಡ ಕೂಡಲೆ ತೋರಿಸಿದವರಿಗೆ ಅರ್ಧ ದಿನದ ಚಿಕಿತ್ಸೆಯು ಸಾಕಾದೀತು.